ಪಾದರಸದ ಬಟ್ಟಲು

ಮೋಟಾರು ವಾಹನವನ್ನು ನಡೆಸುವವನ ಕೈಯಲ್ಲಿರುವ ಸ್ಟೀರಿಂಗ್ ಚಕ್ರದ ನಡುವೆ ಒಂದು ಗುಂಡಿಯಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ಅದನ್ನು ಒತ್ತಿದೊಡನೆ ವಾಹನದ ಮುಂಭಾಗದಲ್ಲೆಲ್ಲೋ ಅಡಗಿರುವ ಹಾರ್ನು ಕೂಗುತ್ತದೆ. ಗುಂಡಿಯಿಂದ ಹಾರ್ನಿಗೆ ವಿದ್ಯುತ್ತಿನ ದಾರಿಯೊಂದು ಇರಲೇಬೇಕಷ್ಟೆ. ಆದರೆ ಆ ಚಕ್ರ ಒಂದೆಡೆ ಸುಮ್ಮನೆ ನಿಲ್ಲುವಂಥದಲ್ಲ. ಘಟ್ಟದ ರಸ್ತೆಯ ಒಂದೊಂದು ತಿರುವಿನಲ್ಲಿಯೂ ಎಡಕ್ಕೂ ಬಲಕ್ಕೂ ಸುತ್ತುತ್ತದೆ. ಅದಕ್ಕೆ ಸಾಮಾನ್ಯವಾದ ತಂತಿಯೊಂದನ್ನು ಬಿಗಿದರೆ ತಂತಿ ಹಗ್ಗದಂತೆ ಹುರಿಗೊಂಡು ಕೊನೆಗೆ ಹರಿದುಹೋಗಬೇಕು. ಹಾಗೆ ಹರಿಯುವುದಿಲ್ಲವೇಕೆ? ಹಿಂದಿನ ಬಸ್ಸುಗಳಲ್ಲಿ ಚಾಲಕನು ರಬ್ಬರಿನ ಬುರುಡೆಯನ್ನು ಹಿಸುಕಿ ಕೊಂಬನ್ನು ಕೂಗಿಸುತ್ತಿದ್ದುದರಿಂದ ಅಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ವಿದ್ಯುತ್ತು ಬಂದ ಮೇಲೆ ಹುಟ್ಟಿತು.

ಆದರೆ ನಿಂತ ವಸ್ತುವಿನಿಂದ ತಿರುಗುವ ವಸ್ತುವಿಗೆ ವಿದ್ಯುತ್ತನ್ನು ಕಡಿಯದಂತೆ ಮುಟ್ಟಿಸುವುದು ಹೇಗೆಂಬ ಈ ಪ್ರಶ್ನೆ ಮೋಟಾರು ವಾಹನಕ್ಕಿಂತ ಬಹಳ ಹಳೆಯದು. 1821ರಲ್ಲಿ ಲಂಡನ್ನಿನ ಒಂದು ನೆಲಮಾಳಿಗೆಯಲ್ಲಿ, ಮೂವತ್ತು ತುಂಬದ ತರುಣನೊಬ್ಬನು ಒಂದು ಬಟ್ಟಲು ಪಾದರಸದ ನೆರವಿನಿಂದ ಇದನ್ನು ಬಿಡಿಸಿದನು. ಅವನೇ ಮೈಕೇಲ್ ಫ್ಯಾರಡೆ. ಆ ಬಟ್ಟಲು ಅವನಿಗೆ ಕೀರ್ತಿಯನ್ನು ತಂದಿತು. ಅದರೊಡನೆಯೇ ಕಳ್ಳನೆಂಬ ಅಪವಾದವನ್ನೂ ತಂದಿತು.

ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ಅಂಚಿನಲ್ಲಿದ್ದ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ ಜನಿಸಿದನು. ತಂದೆ ಜೇಮ್ಸ್ ಕಮ್ಮಾರ. ಉತ್ತರ ಇಂಗ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ರಾಜಧಾನಿಗೆ ಬಂದವನು. ಅವನಿಗೆ ಆರೋಗ್ಯ ಸರಿಯಿರಲಿಲ್ಲವಾಗಿ ಕುಲುಮೆಯ ಬೆಂಕಿ ದಿನವೂ ಉರಿಯುತ್ತಿರಲಿಲ್ಲ. ಮನೆಯಲ್ಲಿ ನಾಲ್ವರು ಮಕ್ಕಳು. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಬಾಲಕ ಮೈಕೇಲನಿಗೆ ವಾರಕ್ಕೆ ಒಂದೇ ಒಂದು ಬ್ರೆಡ್ಡನ್ನು ಕೊಡುತ್ತಿದ್ದರಂತೆ. ಅದನ್ನೇ ಅವನು ಏಳು ದಿನಕ್ಕೂ ಹಂಚಿಕೊಳ್ಳಬೇಕಾಗಿತ್ತು. ಓದು, ಬರಹ, ಒಂದಿಷ್ಟು ಲೆಕ್ಕ, ಇಷ್ಟರಲ್ಲಿ ಶಾಲೆ ಮುಗಿಯಿತು.

ಹದಿಮೂರನೆಯ ವಯಸ್ಸಿನಲ್ಲಿ ಅವನು ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯನ್ನು ಸೇರಿದನು. ಮೊದಲು ಮನೆಮನೆಗೆ ಪತ್ರಿಕೆ ಹಂಚುವ ಕೆಲಸ. ಮರುವರ್ಷದಿಂದ ಏಳು ವರ್ಷಗಳ ಕಾಲ ರಟ್ಟು ಕಟ್ಟುವ ಕಸುಬಿನ ಕಲಿಕೆ. ಹುಡುಗನು ತಾನು ಹೊಲಿಯುತ್ತಿದ್ದ ಪುಸ್ತಕಗಳನ್ನು ಓದತೊಡಗಿದನು. ವಿಶ್ವಕೋಶವೊಂದರಲ್ಲಿದ್ದ ವಿದ್ಯುತ್ತಿನ ಲೇಖನವೂ, ಜೇನ್ ಮಾರ್ಸೆಟ್ ಎಂಬ ಮಹಿಳೆ ರಸಾಯನಶಾಸ್ತ್ರವನ್ನು ಕುರಿತು ಸಂಭಾಷಣೆಯ ರೂಪದಲ್ಲಿ ಬರೆದ ಪುಸ್ತಕವೂ ಅವನ ಮನಸ್ಸನ್ನು ಸೆರೆಹಿಡಿದವು. ಕೈಗೆ ಬಂದ ಅಲ್ಪ ಹಣದಿಂದ ಸಾಮಗ್ರಿಗಳನ್ನು ಕೊಂಡು, ಓದಿದ್ದನ್ನು ಮಾಡಿ ನೋಡುತ್ತಿದ್ದನು. ಸಂಜೆಯ ಉಪನ್ಯಾಸಗಳಿಗೆ ಹೋಗಲು ಬೇಕಾದ ಒಂದೊಂದು ಶಿಲಿಂಗನ್ನು ಕಮ್ಮಾರನಾಗಿದ್ದ ಅಣ್ಣ ರಾಬರ್ಟ್ ಕೊಟ್ಟನು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ನಡೆಯುತ್ತಿದ್ದ ಸರ್ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಪ್ರವೇಶಪತ್ರವನ್ನು ಒದಗಿಸಿದನು. ಡೇವಿ ಆ ಕಾಲದ ಇಂಗ್ಲೆಂಡಿನ ಅತ್ಯಂತ ಪ್ರಸಿದ್ಧ ರಸಾಯನ ವಿಜ್ಞಾನಿ. ಫ್ಯಾರಡೆ ನಾಲ್ಕು ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಗಳನ್ನು ವಿಸ್ತರಿಸಿ ಬರೆದು, ಚಿತ್ರಗಳನ್ನು ಸೇರಿಸಿ, ತಾನೇ ಅಂದವಾಗಿ ರಟ್ಟು ಕಟ್ಟಿ, ಕೆಲಸವನ್ನು ಬೇಡುವ ಪತ್ರದೊಡನೆ ಡೇವಿಗೆ ಕಳುಹಿಸಿದನು. ಕಲಿತ ಕಸುಬು ಹೀಗೆ ಅವನ ನೆರವಿಗೆ ಬಂದಿತು. 1813ರ ಮಾರ್ಚ್ 1ರಂದು ವಾರಕ್ಕೆ 25 ಶಿಲಿಂಗ್ ಸಂಬಳದ ಮೇಲೆ ಅವನು ಪ್ರಯೋಗಶಾಲೆಯ ಸಹಾಯಕನಾದನು. ಅದೇ ವರ್ಷ ಡೇವಿಯೊಡನೆ ಯೂರೋಪಿನ ಪ್ರವಾಸಕ್ಕೆ ಹೊರಟನು. ಆಂಪೇರ್, ವೋಲ್ಟಾ ಮೊದಲಾದ ಮಹನೀಯರನ್ನು ಕಂಡನು. ದಾರಿಯುದ್ದಕ್ಕೂ ಡೇವಿಯ ಪತ್ನಿಯಿಂದ ಆಳಿನಂತೆ ನಡೆಸಿಕೊಳ್ಳಲ್ಪಟ್ಟನು. ಎರಡನ್ನೂ ಸಹಿಸಿಕೊಂಡು 1815ರಲ್ಲಿ ಹಿಂದಿರುಗಿದನು.

ಇನ್ನು ಬಟ್ಟಲಿನ ಕಥೆಗೆ ಬರೋಣ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ವಿಜ್ಞಾನಿಯು ವಿದ್ಯುತ್ತು ಹರಿಯುವ ತಂತಿಯ ಬಳಿಯಲ್ಲಿ ದಿಕ್ಸೂಚಿಯ ಮುಳ್ಳು ಓರೆಯಾಗುವುದನ್ನು ಕಂಡನು. ಯೂರೋಪಿನ ವಿದ್ವಾಂಸರೆಲ್ಲರೂ ಅದರ ಕಾರಣವನ್ನು ಹುಡುಕತೊಡಗಿದರು. ಲಂಡನ್ನಿನ ವೊಲಾಸ್ಟನ್ ಎಂಬ ಹಿರಿಯ ವಿಜ್ಞಾನಿಗೆ, ಅಯಸ್ಕಾಂತವನ್ನು ಸಮೀಪಕ್ಕೆ ತಂದರೆ ವಿದ್ಯುತ್ತು ಹರಿಯುತ್ತಿರುವ ತಂತಿ ಬುಗುರಿಯ ಹಾಗೆ ತನ್ನ ಸುತ್ತ ತಾನೇ ತಿರುಗಬೇಕೆಂದು ತೋರಿತು. 1821ರ ಏಪ್ರಿಲ್‌ನಲ್ಲಿ ಅವನೂ ಡೇವಿಯೂ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿಯೇ ಅದನ್ನು ಮಾಡಿ ನೋಡಿದರು. ತಂತಿ ತಿರುಗಲಿಲ್ಲ.

ಆ ಜೂನ್ ತಿಂಗಳಲ್ಲಿ ಫ್ಯಾರಡೆ ಸಾರಾ ಬರ್ನಾರ್ಡ್ ಎಂಬ ಕನ್ಯೆಯನ್ನು ವರಿಸಿದನು. ಪತ್ರಿಕೆಯೊಂದಕ್ಕೆ ಅರ್ಸ್ಟೆಡನ ಶೋಧದ ಚರಿತ್ರೆಯನ್ನು ಬರೆದುಕೊಡಲು ಒಪ್ಪಿದ್ದುದರಿಂದ, ಇತರರು ಮಾಡಿದ ಪ್ರಯೋಗಗಳನ್ನೆಲ್ಲ ಅವನು ಒಂದೊಂದಾಗಿ ಮಾಡಿ ನೋಡುತ್ತಿದ್ದನು. ಹಾಗೆ ಮಾಡುವಾಗ ಅವನಿಗೆ ಒಂದು ಸಂಗತಿ ಹೊಳೆಯಿತು. ಅಯಸ್ಕಾಂತದ ಧ್ರುವ ತಂತಿಯನ್ನು ಎಳೆಯುವುದೂ ಇಲ್ಲ, ನೂಕುವುದೂ ಇಲ್ಲ, ಪಕ್ಕಕ್ಕೆ ಸರಿಸುತ್ತದೆ. ಎಲ್ಲ ಕಡೆಯಲ್ಲಿಯೂ ಹೀಗೆ ಪಕ್ಕಕ್ಕೆ ಸರಿಸಿದರೆ ತಂತಿ ಧ್ರುವವನ್ನು ಪ್ರದಕ್ಷಿಣೆ ಮಾಡಬೇಕಲ್ಲವೆ?

ಆದರೆ ಪ್ರದಕ್ಷಿಣೆ ಮಾಡುವ ತಂತಿಗೆ ವಿದ್ಯುತ್ತನ್ನು ಮುಟ್ಟಿಸುವುದು ಹೇಗೆ? ಎರಡು ತುದಿಗಳನ್ನೂ ವಿದ್ಯುತ್ಕೋಶಕ್ಕೆ ಬಿಗಿದರೆ ತಂತಿ ಕದಲಲಾರದು. ಒಂದು ತುದಿಯನ್ನು ಬಿಟ್ಟರೆ ಪ್ರವಾಹವೇ ನಿಂತುಹೋಗುತ್ತದೆ. ಸೆಪ್ಟೆಂಬರ್ 3 ಮತ್ತು 4ರಂದು ಫ್ಯಾರಡೆ ಇದಕ್ಕೆ ಉಪಾಯವನ್ನು ಕಂಡುಕೊಂಡನು. ಬಟ್ಟಲೊಂದರಲ್ಲಿ ಅಯಸ್ಕಾಂತದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ತುದಿಯಷ್ಟೇ ಮೇಲೆ ಕಾಣುವಂತೆ ಸುತ್ತಲೂ ಪಾದರಸವನ್ನು ತುಂಬಿದನು. ಮೇಲಿನಿಂದ ಒಂದು ತಂತಿಯನ್ನು ಸಡಿಲವಾಗಿ ತೂಗುಬಿಟ್ಟು, ಅದರ ಕೆಳತುದಿಯನ್ನು ಪಾದರಸದಲ್ಲಿ ಅದ್ದಿದನು. ಪಾದರಸ ಲೋಹವಾದುದರಿಂದ ವಿದ್ಯುತ್ತನ್ನು ಒಯ್ಯುತ್ತದೆ. ದ್ರವವಾದುದರಿಂದ ತಂತಿಗೆ ದಾರಿ ಬಿಡುತ್ತದೆ. ವಿದ್ಯುತ್ಕೋಶವನ್ನು ಜೋಡಿಸಿದೊಡನೆ ತಂತಿ ಅಯಸ್ಕಾಂತವನ್ನು ಸುತ್ತತೊಡಗಿತು, ಸುತ್ತುತ್ತಲೇ ಇತ್ತು. ವಿದ್ಯುತ್ತಿನಿಂದ ಎಡೆಬಿಡದ ಚಲನೆಯನ್ನು ಪಡೆದ ಮೊದಲ ಸಾಧನ ಇದು. ಇಂದು ನಮ್ಮ ಮನೆಗಳಲ್ಲಿ ತಿರುಗುವ ಬೀಸಣಿಗೆಯ ಮೂಲಪುರುಷ ಈ ಬಟ್ಟಲೇ.

ಫ್ಯಾರಡೆ ತಡಮಾಡದೆ ಲೇಖನವನ್ನು ಬರೆದನು. ಅಕ್ಟೋಬರಿನಲ್ಲಿ ಅದು ಅಚ್ಚಾಯಿತು. ವೊಲಾಸ್ಟನನ ಹೆಸರು ಅದರಲ್ಲಿರಲಿಲ್ಲ. ಅಚ್ಚಿಗೆ ಮೊದಲು ಅವನನ್ನು ಕಾಣಲು ಫ್ಯಾರಡೆ ಹೋಗಿದ್ದನು, ಅವನು ಊರಿನಲ್ಲಿರಲಿಲ್ಲ, ಫ್ಯಾರಡೆ ಕಾಯಲಿಲ್ಲ. ಹಿರಿಯನ ಕಲ್ಪನೆಯನ್ನು ಕದ್ದು ತನ್ನದೆಂದು ಮೆರೆಸಿದನೆಂಬ ಪಿಸುಮಾತು ವಿದ್ವಾಂಸರ ವಲಯದಲ್ಲಿ ಹಬ್ಬಿತು. ಪುಸ್ತಕದ ರಟ್ಟು ಕಟ್ಟುತ್ತಿದ್ದವನಿಗೆ ಆ ವಲಯದಲ್ಲಿ ಒಳ್ಳೆಯ ಹೆಸರೊಂದನ್ನು ಬಿಟ್ಟರೆ ಬೇರೆ ಆಸ್ತಿಯೇನಿತ್ತು? ಈಗ ಅದಕ್ಕೂ ಕುತ್ತು ಬಂದಿತು. ನಿಷ್ಪಕ್ಷಪಾತವಾಗಿ ನೋಡಿದರೆ ಕಳ್ಳತನವೇನೂ ನಡೆದಿರಲಿಲ್ಲ. ವೊಲಾಸ್ಟನ್ ಊಹಿಸಿದ್ದು ತಂತಿ ತನ್ನ ಸುತ್ತ ತಾನೇ ತಿರುಗುವುದನ್ನು. ಫ್ಯಾರಡೆ ತೋರಿಸಿದ್ದು ತಂತಿ ಅಯಸ್ಕಾಂತವನ್ನು ಸುತ್ತುವುದನ್ನು. ಎರಡೂ ಒಂದೇ ಅಲ್ಲ. ಆದರೂ ಹಿರಿಯನ ಹೆಸರನ್ನು ಒಂದು ಸಾಲಿನಲ್ಲಿ ನೆನೆಯಬಹುದಾಗಿತ್ತು; ನೆನೆಯದಿದ್ದುದು ಆತುರದ ತಪ್ಪೇ ಸರಿ.

ಫ್ಯಾರಡೆ ವೊಲಾಸ್ಟನನಿಗೆ ನೇರವಾಗಿ ಪತ್ರ ಬರೆದು, ಭೇಟಿಮಾಡಿ, ತನ್ನ ಕಡೆಯ ಸಂಗತಿಗಳನ್ನು ತಿಳಿಸಿದನು. ವೊಲಾಸ್ಟನ್ ಉದಾರಿ, ಮುನಿಸನ್ನು ಬೆಳೆಸಲಿಲ್ಲ. ಡೇವಿಯ ಮನಸ್ಸು ಮಾತ್ರ ಕಹಿಯಾಯಿತು. 1823ರಲ್ಲಿ ಮಿತ್ರರು ಫ್ಯಾರಡೆಯ ಹೆಸರನ್ನು ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಸೂಚಿಸಿದಾಗ, ಸೊಸೈಟಿಯ ಅಧ್ಯಕ್ಷನಾಗಿದ್ದ ಡೇವಿ ಆ ಸೂಚನೆಯನ್ನು ಹಿಂದಕ್ಕೆ ಪಡೆಯುವಂತೆ ಒತ್ತಾಯಿಸಿದನು. ಸೂಚನಾಪತ್ರಕ್ಕೆ ಸಹಿ ಹಾಕಿದವರಲ್ಲಿ ವೊಲಾಸ್ಟನನೂ ಇದ್ದನೆಂಬುದು ಗಮನಾರ್ಹ. 1824ರ ಜನವರಿಯಲ್ಲಿ ಗುಪ್ತ ಮತದಾನ ನಡೆದು ಫ್ಯಾರಡೆ ಆಯ್ಕೆಯಾದನು. ವಿರೋಧವಾಗಿ ಬಿದ್ದ ಮತ ಒಂದೇ ಒಂದು.

ಅಪವಾದದ ನೋವು ಬೇಗ ಮಾಯಲಿಲ್ಲ. ಮುಂದೆ ಹಲವು ವರ್ಷ ಅವನ ಕಾಲವೆಲ್ಲ ರಸಾಯನದಲ್ಲಿಯೂ, ಉಪನ್ಯಾಸಗಳಲ್ಲಿಯೂ, ಮಸೂರಗಳಿಗೆ ಬೇಕಾದ ಉತ್ತಮ ಗಾಜನ್ನು ಕಾಯಿಸುವ ಬೇಸರದ ಕೆಲಸದಲ್ಲಿಯೂ ಕಳೆಯಿತು. ಡೇವಿ 1829ರಲ್ಲಿ ತೀರಿಕೊಂಡನು. 1831ರಲ್ಲಿ ಫ್ಯಾರಡೆ ಗಾಜಿನ ಕೆಲಸವನ್ನು ಬಿಟ್ಟು, ಅಯಸ್ಕಾಂತದಿಂದ ವಿದ್ಯುತ್ತನ್ನು ಪಡೆಯುವ ಹಳೆಯ ಹಂಬಲಕ್ಕೆ ಮರಳಿದನು. ಆಗಸ್ಟ್ 29ರಂದು, ಎರಡು ತಂತಿಸುರುಳಿಗಳನ್ನು ಸುತ್ತಿದ ಕಬ್ಬಿಣದ ಬಳೆಯೊಂದು ಅವನಿಗೆ ಮೊದಲ ಸುಳಿವನ್ನು ಕೊಟ್ಟಿತು. ಆದರೆ ಆ ಪ್ರವಾಹ ಕ್ಷಣಕಾಲ ಮಿಂಚಿ ಮಾಯವಾಗುತ್ತಿತ್ತು. ನಿಲ್ಲದೆ ಹರಿಯುವ ಪ್ರವಾಹ ಬೇಕಾದರೆ ಏನನ್ನಾದರೂ ನಿಲ್ಲದೆ ತಿರುಗಿಸಬೇಕಾಗಿತ್ತು. ಮತ್ತೆ ಹಳೆಯ ಪ್ರಶ್ನೆಯೇ ಎದುರಾಯಿತು.

ಅಕ್ಟೋಬರ್ 28ರಂದು ಅವನು ಹನ್ನೆರಡು ಅಂಗುಲ ಅಗಲದ ತಾಮ್ರದ ತಟ್ಟೆಯೊಂದನ್ನು ಹಿತ್ತಾಳೆಯ ಅಚ್ಚಿಗೆ ಸಿಕ್ಕಿಸಿ, ರಾಯಲ್ ಸೊಸೈಟಿಯ ದೊಡ್ಡ ಅಯಸ್ಕಾಂತದ ಧ್ರುವಗಳ ನಡುವೆ ತಿರುಗಿಸಿದನು. ತಟ್ಟೆಯಲ್ಲಿ ಹುಟ್ಟಿದ ವಿದ್ಯುತ್ತನ್ನು ಹೊರಕ್ಕೆ ತೆಗೆಯಲು ಲೋಹದ ಪಟ್ಟಿಗಳನ್ನು ಒಂದು ಕಡೆ ಅಚ್ಚಿಗೂ ಮತ್ತೊಂದು ಕಡೆ ತಟ್ಟೆಯ ಅಂಚಿಗೂ ತಾಗಿಸಿ ಹಿಡಿಯಬೇಕಾಗಿತ್ತು. ಬಿಗಿಯಾಗಿ ಒತ್ತಿದರೆ ತಟ್ಟೆ ತಿರುಗದು. ಸಡಿಲವಾದರೆ ಪ್ರವಾಹ ಕಡಿದುಹೋಗುವುದು. ಅದಕ್ಕಾಗಿ ಅವನು ಅಂಚಿಗೆ ಪಾದರಸವನ್ನು ತೇಯ್ದು ನಯಮಾಡಿದನು. ಸಂಪರ್ಕ ಚೆನ್ನಾಗಿಯೂ ಇರಬೇಕು, ಸರಿದಾಡುವಂತೆಯೂ ಇರಬೇಕು ಎಂಬುದು ಅವನ ಎಣಿಕೆ. ತಟ್ಟೆ ತಿರುಗುತ್ತಿದ್ದಷ್ಟು ಹೊತ್ತೂ ವಿದ್ಯುನ್ಮಾಪಕದ ಮುಳ್ಳು ಒಂದೇ ಕಡೆಗೆ ಓರೆಯಾಗಿ ನಿಂತಿತು. ಜಗತ್ತಿನ ಮೊದಲ ವಿದ್ಯುಜ್ಜನಕ ಯಂತ್ರ ಇದು.

ಮುಂದೆ ಯಂತ್ರಗಳು ಬೆಳೆದಂತೆ ಪಾದರಸದ ಸ್ಥಾನಕ್ಕೆ ತಾಮ್ರದ ಎಳೆಗಳನ್ನು ಕಟ್ಟಿದ ಕುಂಚಗಳು ಬಂದವು. ಇಂದು ಎಳೆಗಳಿಲ್ಲದ ತುಂಡಿಗೂ ನಾವು ಬ್ರಷ್ ಎನ್ನುವುದು ಇದರಿಂದಲೇ. ಅವು ಕಿಡಿಯೆಬ್ಬಿಸಿ ಲೋಹವನ್ನು ತಿನ್ನುತ್ತಿದ್ದುದರಿಂದ, 1885ರಲ್ಲಿ ಜಾರ್ಜ್ ಫೋರ್ಬ್ಸ್ ಎಂಬವನು ಇಂಗಾಲದ ತುಂಡುಗಳನ್ನು ಬಳಸುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಸ್ಟೀರಿಂಗ್ ಚಕ್ರಕ್ಕೆ ಬಂದದ್ದೂ ಇದೇ ಉಪಾಯ. ಚಕ್ರದೊಡನೆ ಸುತ್ತುವ ಲೋಹದ ಬಳೆ, ಅದನ್ನು ಒತ್ತಿಕೊಂಡು ನಿಂತ ಒಂದು ಪುಟ್ಟ ಕಡ್ಡಿ. ಫ್ಯಾರಡೆಯ ತಟ್ಟೆಯೂ ಅದರ ಅಂಚಿಗೆ ತಾಗಿದ ಪಟ್ಟಿಯೂ ಇಲ್ಲಿ ಚಿಕ್ಕದಾಗಿವೆ, ಅಷ್ಟೆ.

ಹಾರ್ನಿಗೆ ಇಷ್ಟು ಸಾಕು. ಸಂಪರ್ಕ ಕ್ಷಣಕಾಲ ತಪ್ಪಿದರೆ ಚಾಲಕನು ಇನ್ನೊಮ್ಮೆ ಒತ್ತುತ್ತಾನೆ. ಆದರೆ ಅಪಘಾತದ ಹೊತ್ತಿನಲ್ಲಿ ಚಾಲಕನ ಎದೆ ಚಕ್ರಕ್ಕೆ ಬಡಿಯದಂತೆ ತಡೆಯುವ ಗಾಳಿಚೀಲ ಬಂದಾಗ ಲೆಕ್ಕ ಬದಲಾಯಿತು. ಚಕ್ರದೊಳಗೆ ಮಡಿಸಿಟ್ಟ ಆ ಚೀಲ ಒಂದು ಸೆಕೆಂಡಿನ ನೂರರಲ್ಲಿ ಕೆಲವೇ ಭಾಗಗಳಷ್ಟು ಕಾಲದಲ್ಲಿ ಉಬ್ಬಬೇಕು. ಇನ್ನೊಮ್ಮೆ ಒತ್ತಲು ಅಲ್ಲಿ ಸಮಯವಿಲ್ಲ. ಉಜ್ಜುವ ಸಂಪರ್ಕ ಧೂಳಿನಿಂದಲೋ ಸವೆತದಿಂದಲೋ ಒಮ್ಮೆ ತಪ್ಪಿದರೆ ಹೋಗುವುದು ಪ್ರಾಣ. ಆದ್ದರಿಂದ ಎಂಜಿನಿಯರುಗಳು ಉಜ್ಜುವಿಕೆಯನ್ನೇ ಬಿಟ್ಟರು. ಕಾರಿನ ಚಕ್ರ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುಮಾರು ಮೂರು ಸುತ್ತು ಮಾತ್ರ ತಿರುಗುತ್ತದೆಯಷ್ಟೆ. ಅದಕ್ಕೆ ತಕ್ಕಂತೆ ಚಪ್ಪಟೆಯಾದ, ಬಳುಕುವ ತಂತಿಪಟ್ಟಿಯೊಂದನ್ನು ದುಂಡನೆಯ ಡಬ್ಬಿಯಲ್ಲಿ ಸುರುಳಿಯಾಗಿ ಇಟ್ಟರು. ಚಕ್ರ ಒಂದು ಕಡೆಗೆ ತಿರುಗಿದರೆ ಸುರುಳಿ ಬಿಗಿಯುತ್ತದೆ, ಇನ್ನೊಂದು ಕಡೆಗೆ ತಿರುಗಿದರೆ ಸಡಿಲುತ್ತದೆ. ಎರಡು ತುದಿಗಳೂ ಎಂದೂ ಬಿಡುವುದಿಲ್ಲ. ಗ್ಯಾರೇಜುಗಳಲ್ಲಿ ಇದನ್ನು ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ. ರೂಪ ಗಡಿಯಾರದ ಸ್ಪ್ರಿಂಗಿನದು. ಆದರೆ ಇದು ಯಾವುದನ್ನೂ ನಡೆಸುವುದಿಲ್ಲ. ಚಕ್ರವನ್ನು ಕಳಚಿ ಮತ್ತೆ ಕೂಡಿಸುವಾಗ ಸುರುಳಿಯನ್ನು ಸರಿಯಾಗಿ ಮಧ್ಯಕ್ಕೆ ತರದಿದ್ದರೆ, ಪೂರ್ತಿ ತಿರುಗಿಸಿದಾಗ ಅದು ಹರಿದುಹೋಗುತ್ತದೆ. ಚಾಲಕನ ಮುಂದೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಭಾರತದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳೆಲ್ಲಕ್ಕೂ ಚಾಲಕನ ಗಾಳಿಚೀಲ ಕಡ್ಡಾಯವಾದುದರಿಂದ ಈ ಸುರುಳಿಯೂ ಅವುಗಳೊಳಗೆ ಬಂದು ಕುಳಿತಿತು.

ಫ್ಯಾರಡೆ ತನ್ನ ಶೋಧಗಳಿಗೆ ಹಕ್ಕುಪತ್ರ ಪಡೆದು ಹಣ ಗಳಿಸಲಿಲ್ಲ. ಪಾದರಸದ ಬಟ್ಟಲಿನ ಪುಟ್ಟ ಮಾದರಿಗಳನ್ನು ಮಾಡಿಸಿ, ಇತರ ದೇಶಗಳ ವಿಜ್ಞಾನಿಗಳು ತಾವೇ ನೋಡಲೆಂದು ಕಳುಹಿಸಿಕೊಟ್ಟಿದ್ದನು. ಸರ್ ಪದವಿಯನ್ನು ಒಲ್ಲೆನೆಂದನು. ಒಮ್ಮೆ ತನ್ನ ಸದಸ್ಯತ್ವಕ್ಕೇ ತಡೆಯೊಡ್ಡಿದ್ದ ರಾಯಲ್ ಸೊಸೈಟಿಯ ಅಧ್ಯಕ್ಷ ಪೀಠ ಎರಡು ಬಾರಿ ಕರೆದಾಗಲೂ ಒಪ್ಪಲಿಲ್ಲ. ನಲವತ್ತೆಂಟರ ವಯಸ್ಸಿನ ಹೊತ್ತಿಗೆ ಅವನ ನೆನಪಿನ ಶಕ್ತಿ ಕುಂದತೊಡಗಿತು. ಆದರೂ ದಿನಚರಿಯಲ್ಲಿ ಪ್ರಯೋಗಗಳ ಟಿಪ್ಪಣಿಗಳಿಗೆ ಅಂಕೆ ಹಾಕಿ ಬರೆಯುತ್ತ ಹೋದನು. 1860ರ ವೇಳೆಗೆ ಆ ಅಂಕೆ ಹದಿನಾರು ಸಾವಿರವನ್ನು ದಾಟಿತ್ತು. ಕೊನೆಯ ವರ್ಷಗಳನ್ನು ರಾಣಿ ವಿಕ್ಟೋರಿಯ ಕೊಟ್ಟ ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ ಸಾರಾಳೊಡನೆ ಕಳೆದನು. 1867ರ ಆಗಸ್ಟ್ 25ರಂದು, ಕುರ್ಚಿಯಲ್ಲಿ ಕುಳಿತಿದ್ದಂತೆಯೇ, ಅವನ ಉಸಿರು ನಿಂತಿತು. ಅವನನ್ನು ಹೈಗೇಟ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅಲ್ಲಿಯ ಕಲ್ಲಿನ ಮೇಲೆ ಅವನ ಹೆಸರು, ಹುಟ್ಟಿದ ದಿನ, ಸತ್ತ ದಿನ ಇಷ್ಟನ್ನೇ ಕೆತ್ತಲಾಗಿದೆ.