ಗೋಡೆಗೊಂದು ಹಳೇ ಗಿಡದ ಚಿತ್ರ

ನಿಮ್ಮ ಮನೆ ಅಕ್ಕೂರಲ್ಲಿರಲಿ, ಬೆಂಗಳೂರಲ್ಲಿರಲಿ, ಹಾಲ್‌ ಗೋಡೆ ಬೋಳು ಅನ್ನಿಸ್ತಿದೆಯೇ? ಹಳೆಯ ಸಸ್ಯಚಿತ್ರದ ಪ್ರಿಂಟ್ ಹಾಕಿ ನೋಡಿ. ಇಂಥ ಚಿತ್ರ ಬರೆಸಿದ ಹ್ಯೂ ಕ್ಲೆಗಾರ್ನ್ ಬಗ್ಗೆಯೂ ತಿಳಿದಿರಲಿ.

1820ರಲ್ಲಿ ಮದರಾಸಿನಲ್ಲಿ ಹುಟ್ಟಿ, ಸ್ಕಾಟ್ಲೆಂಡಿನಲ್ಲಿ ಓದಿದ ಇವರು 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಡಾಕ್ಟರಾಗಿದ್ದರು. ದಿನಕ್ಕೊಂದು ಗಿಡ ನೋಡಿ, ಮರಾಠಿ ಕಲಾವಿದರೊಬ್ಬರಿಂದ ಅದರ ಚಿತ್ರ ಬರೆಸುತ್ತಿದ್ದರು. ಮುಂದೆ ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿಯಾಗಿ ಕಾಡು ಉಳಿಸಲು ದುಡಿದರು. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯತೋಟವಾಗಿದ್ದು ಇವರ ಸಲಹೆಯಿಂದಲೇ. 1895ರಲ್ಲಿ ತೀರಿಕೊಂಡರು. ಆ ಚಿತ್ರಗಳು ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ. ಬರೆದವರ ಹೆಸರು ಮಾತ್ರ ಉಳಿದಿಲ್ಲ.

ಪ್ರಿಂಟಿಗೆ ತೆಳು ಮರದ ಫ್ರೇಮ್ ಸಾಕು. ಬಿಸಿಲು ಬೀಳೋ ಜಾಗ, ತೇವದ ಗೋಡೆ ಬೇಡ. ಕೆಳಗೆ ಗಿಡದ ಕನ್ನಡ ಹೆಸರು ಬರೆಯಿರಿ, ಮಕ್ಕಳು ಕಲೀತಾರೆ.