ಪಾಲ್ ಮೌಸರ್: ಅಂಕೆಗಳೇ ಸಾಕ್ಷಿ ನುಡಿಯುವ ಬಂದೂಕಿನ ನಿರ್ಮಾತೃ

ಜರ್ಮನಿಯ ನೈಋತ್ಯ ಭಾಗದಲ್ಲಿ, ನೆಕ್ಕಾರ್ ನದಿಯ ದಂಡೆಯಲ್ಲಿ ಒಬರ್ನ್‌ಡೋರ್ಫ್ ಎಂಬ ಸಣ್ಣ ಪಟ್ಟಣವಿದೆ. 19ನೆಯ ಶತಮಾನದಲ್ಲಿ ಅದು ವ್ಯುರ್ಟೆಂಬೆರ್ಗ್ ಅರಸರ ಆಳ್ವಿಕೆಗೆ ಸೇರಿತ್ತು. ಹಳೆಯ ಕ್ರೈಸ್ತ ಮಠವೊಂದರ ಕಟ್ಟಡದಲ್ಲಿ ಆ ಅರಸರು 1811ರಲ್ಲಿ ಒಂದು ಬಂದೂಕು ಕಾರ್ಖಾನೆಯನ್ನು ತೆರೆದಿದ್ದರು. ಅಲ್ಲಿ ದುಡಿಯುತ್ತಿದ್ದ ಕುಶಲಕರ್ಮಿಯೊಬ್ಬರ ಮನೆಯಲ್ಲಿ 1838ರ ಜೂನ್ 27ರಂದು ಪೀಟರ್ ಪಾಲ್ ಮೌಸರ್ ಜನಿಸಿದರು. ಹದಿಮೂರು ಮಕ್ಕಳಲ್ಲಿ ಅವರೇ ಕೊನೆಯವರು.

ಅಷ್ಟು ದೊಡ್ಡ ಕುಟುಂಬದಲ್ಲಿ ಹೆಚ್ಚಿನ ವಿದ್ಯಾಭ್ಯಾಸಕ್ಕೆ ಅವಕಾಶವಿರಲಿಲ್ಲ. ಪಾಲ್ ಬಾಲ್ಯದಲ್ಲಿಯೇ ತಂದೆಯೊಂದಿಗೆ ಕಾರ್ಖಾನೆಗೆ ಸೇರಿದರು. ಅರ ಹಿಡಿದು ಕಬ್ಬಿಣ ಉಜ್ಜುವುದು, ಒಂದು ಭಾಗವನ್ನು ಇನ್ನೊಂದಕ್ಕೆ ಸರಿಯಾಗಿ ಕೂರಿಸುವುದು, ಇದೇ ಅವರ ಪಾಠಶಾಲೆಯಾಯಿತು. 1859ರಲ್ಲಿ ಸೈನ್ಯಕ್ಕೆ ಸೇರಬೇಕಾಗಿ ಬಂದಾಗ ಲುಡ್ವಿಗ್ಸ್‌ಬುರ್ಗ್‌ನ ಶಸ್ತ್ರಾಗಾರದಲ್ಲಿ ಕೆಲಸ ಸಿಕ್ಕಿತು. ಅಂದಿನ ಬಂದೂಕುಗಳ ದೋಷಗಳನ್ನು ಹತ್ತಿರದಿಂದ ಕಂಡ ಅವರು, ಅವುಗಳನ್ನು ತಿದ್ದುವ ಯೋಚನೆಯಲ್ಲಿ ತೊಡಗಿದರು. ಅಣ್ಣ ವಿಲ್ಹೆಲ್ಮ್ ಅವರಿಗೆ ಜೊತೆಯಾದರು. ತಮ್ಮ ಕಾರ್ಯಾಗಾರದಲ್ಲಿದ್ದರೆ, ಅಣ್ಣ ವ್ಯವಹಾರ ನೋಡಿಕೊಳ್ಳುತ್ತಿದ್ದರು.

1867ರಲ್ಲಿ ಸ್ಯಾಮ್ಯುಯೆಲ್ ನಾರಿಸ್ ಎಂಬ ಅಮೆರಿಕನ್ ವ್ಯಾಪಾರಿ ಸಹೋದರರಿಬ್ಬರನ್ನೂ ಬೆಲ್ಜಿಯಂನ ಲೀಜ್ ನಗರಕ್ಕೆ ಕರೆದೊಯ್ದರು. ಮರುವರ್ಷ ಅಮೆರಿಕದಲ್ಲಿ ಪೇಟೆಂಟ್ ಕೂಡ ದೊರೆಯಿತು. ಆದರೆ ಆ ಒಪ್ಪಂದ ಹೆಚ್ಚು ಕಾಲ ಬಾಳಲಿಲ್ಲ. ಸಹೋದರರು ಊರಿಗೆ ಮರಳಿ ಕೆಲಸ ಮುಂದುವರಿಸಿದರು. ಕೊನೆಗೆ ಅವರ ಬಂದೂಕು 1871ರ ಮಾದರಿ ಎಂಬ ಹೆಸರಿನಲ್ಲಿ ಹೊಸ ಜರ್ಮನ್ ಸಾಮ್ರಾಜ್ಯದ ಸೈನ್ಯಕ್ಕೆ ಸ್ವೀಕೃತವಾಯಿತು. 1874ರಲ್ಲಿ ಬ್ಯಾಂಕೊಂದರ ನೆರವಿನಿಂದ ಅವರು ಕೊಂಡುಕೊಂಡದ್ದು ಬೇರಾವುದೋ ಕಟ್ಟಡವನ್ನಲ್ಲ, ತಂದೆ ಕೂಲಿಗೆ ದುಡಿದ ಆ ಕಾರ್ಖಾನೆಯನ್ನೇ! 1882ರಲ್ಲಿ ಅಣ್ಣ ತೀರಿಕೊಂಡ ಮೇಲೆ ಹೊಣೆಯ ಭಾರವೆಲ್ಲ ಪಾಲ್ ಅವರ ಮೇಲೆ ಬಿತ್ತು.

ಈ ಕಥೆಗೆ ಉಸ್ಮಾನಿಯಾ ಸಾಮ್ರಾಜ್ಯದ ನಂಟೂ ಇದೆ. ಸುಲ್ತಾನ್ ಎರಡನೆಯ ಅಬ್ದುಲ್ ಹಮೀದರ ಸರ್ಕಾರ 1887ರಲ್ಲಿ 5,00,000 ಬಂದೂಕು ಹಾಗೂ 50,000 ಕಾರ್ಬೈನ್‌ಗಳಿಗೆ ಒಪ್ಪಂದ ಮಾಡಿಕೊಂಡಿತು. ಒಂದೊಂದು ಬಂದೂಕನ್ನೂ ಪರೀಕ್ಷಿಸಿ ಒಪ್ಪಿಕೊಳ್ಳಲು ತುರ್ಕಿ ಅಧಿಕಾರಿಗಳು ಒಬರ್ನ್‌ಡೋರ್ಫ್‌ನಲ್ಲಿಯೇ ನೆಲೆಸಿದರು. ಆ ಬಂದೂಕುಗಳ ಮೇಲೆ ಸುಲ್ತಾನರ ತುಘ್ರಾ ಇದೆ. ತಯಾರಕರ ಹೆಸರು ಅರಬಿ ಲಿಪಿಯಲ್ಲಿದೆ, ಕ್ರಮಸಂಖ್ಯೆಗಳೂ ಅರಬಿ ಅಂಕೆಗಳಲ್ಲಿವೆ. ಜರ್ಮನ್ ಕೆಲಸಗಾರರು ನಮ್ಮ ಮದ್ರಸದ ಮಕ್ಕಳು ಓದುವ ಅಂಕೆಗಳನ್ನು ಉಕ್ಕಿನ ಮೇಲೆ ಒತ್ತುತ್ತಿದ್ದರು.

ಮೌಸರ್ ಅವರ ಶ್ರೇಷ್ಠ ಕೃತಿ ಹೊರಬಂದದ್ದು 1898ರಲ್ಲಿ. ಆ ವರ್ಷದ ಮಾದರಿಯಲ್ಲಿ ಸೈನಿಕನ ರಕ್ಷಣೆಗೆ ವಿಶೇಷ ಗಮನ ಕೊಡಲಾಗಿತ್ತು. ತೋಟೆಯ ಹಿಂಬದಿಯನ್ನು ಭದ್ರವಾಗಿ ಮುಚ್ಚುವ ಉಕ್ಕಿನ ಅಗುಳಿಗೆ ಬೋಲ್ಟ್ ಎನ್ನುತ್ತಾರೆ. ಅದರ ಮುಂಭಾಗದಲ್ಲಿ ಎರಡು ಹಲ್ಲುಗಳಿದ್ದವು. ಅವು ಮುರಿದರೂ ತಡೆಯಲೆಂದು ಹಿಂದೆ ಮೂರನೆಯ ಹಲ್ಲನ್ನು ಇರಿಸಿದರು. ತೋಟೆ ಒಡೆದರೆ ಬಿಸಿ ಅನಿಲ ಮುಖಕ್ಕೆ ಬಡಿಯದೆ ಪಕ್ಕಕ್ಕೆ ಹೋಗಲು ರಂಧ್ರಗಳನ್ನು ಕೊರೆದರು.

ಈ ಭದ್ರತೆಯೆಲ್ಲ ನಿಂತಿರುವುದು ಭಾಗಗಳ ಹೊಂದಾಣಿಕೆಯ ಮೇಲೆ. ಯಂತ್ರದಲ್ಲಿ ತಯಾರಾದ ಭಾಗಗಳನ್ನೂ ಜೋಡಿಸುವಾಗ ಪರೀಕ್ಷಿಸಿ ಕೂರಿಸಬೇಕಾಗಿತ್ತು. ಹಾಗೆ ಕೂರಿಸಿದ ಭಾಗಗಳು ಬಿಚ್ಚಿದ ಮೇಲೂ ತಮ್ಮ ಬಂದೂಕಿಗೇ ಮರಳಬೇಕೆಂದು ಅವುಗಳ ಮೇಲೆ ಸಂಖ್ಯೆ ಒತ್ತಲಾಗುತ್ತಿತ್ತು. ಬಂದೂಕಿನ ಮೈ, ನಳಿಗೆ, ಬೋಲ್ಟ್ ಮುಂತಾದವುಗಳಿಗೆ ಪೂರ್ಣ ಸಂಖ್ಯೆ. ಸ್ಕ್ರೂಗಳಂಥ ಚಿಕ್ಕ ಭಾಗಗಳಿಗೆ ಕೊನೆಯ ಎರಡು ಅಂಕೆ. ಪರೀಕ್ಷಕರು ತಮ್ಮ ಮುದ್ರೆಯನ್ನು ಬೇರೆಯಾಗಿ ಒತ್ತುತ್ತಿದ್ದರು.

ಇಂದು ವಸ್ತುಸಂಗ್ರಹಾಲಯದವರು ಹಳೆಯ ಜರ್ಮನ್ ಬಂದೂಕನ್ನು ಓದುವುದು ಈ ಗುರುತುಗಳಿಂದಲೇ. ಮೊದಲು ಮೈಯ ಎಡಬದಿಯ ಸಂಖ್ಯೆಯನ್ನೂ ಅದರ ಅಕ್ಷರವನ್ನೂ ಬರೆದುಕೊಳ್ಳುತ್ತಾರೆ. ಬಳಿಕ ಪ್ರತಿಯೊಂದು ಭಾಗವನ್ನೂ ಅದಕ್ಕೆ ಹೋಲಿಸುತ್ತಾರೆ. ಆದರೆ ಸಂಖ್ಯೆ ಕೂಡಿದರೆ ಮಾತ್ರ ಸಾಲದು. ಎರಡೇ ಅಂಕೆಗಳಿರುವ ಸ್ಕ್ರೂ ನೂರರಲ್ಲಿ ಒಂದು ಸಲ ಆಕಸ್ಮಿಕವಾಗಿಯೂ ಹೊಂದಬಹುದು. ಪ್ರತಿ ಕಾರ್ಖಾನೆಯೂ ಪ್ರತಿ ವರ್ಷ ಒಂದರಿಂದ ಎಣಿಕೆ ಆರಂಭಿಸಿ, ಹತ್ತು ಸಾವಿರದ ನಂತರ ಅಕ್ಷರ ಸೇರಿಸಿ ಮತ್ತೆ ಒಂದರಿಂದ ಎಣಿಸುತ್ತಿತ್ತು. ಆದ್ದರಿಂದ ಒಂದೇ ಸಂಖ್ಯೆಯ ಹಲವು ಬಂದೂಕುಗಳಿವೆ. ಕಾರ್ಖಾನೆಯ ಗುರುತು, ವರ್ಷ, ಪರೀಕ್ಷಕರ ಮುದ್ರೆ, ಅಂಕೆಗಳ ಆಕಾರ, ಲೋಹದ ಬಣ್ಣ ಇವೆಲ್ಲ ಒಂದೇ ಮಾತು ಹೇಳಬೇಕು.

ಭಾಗಗಳು ಅದಲುಬದಲಾಗಿದ್ದರೆ ಅದೆಲ್ಲ ಮೋಸವೆಂದೂ ಅಲ್ಲ. ಸೈನ್ಯದ ದುರಸ್ತಿಯಲ್ಲಿ ಹಳೆಯ ಸಂಖ್ಯೆಗೆ ಅಡ್ಡಗೆರೆ ಎಳೆದು ಹೊಸದನ್ನು ಒತ್ತಿದ್ದುಂಟು. 1935ರಲ್ಲಿ ಬಂದ ಗಿಡ್ಡ ಮೌಸರ್ ಬಂದೂಕುಗಳು ಎರಡನೆಯ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಸೋವಿಯತ್ ಸೈನ್ಯದ ವಶವಾದವು. ಅಲ್ಲಿ ಅವನ್ನು ಬಿಚ್ಚಿ, ಕೈಗೆ ಸಿಕ್ಕ ಭಾಗಗಳಿಂದ ಮತ್ತೆ ಜೋಡಿಸಿ, ಬೋಲ್ಟ್‌ಗಳ ಮೇಲೆ ವಿದ್ಯುತ್ ಲೇಖನಿಯಿಂದ ಸಂಖ್ಯೆ ಕೊರೆದರು. ಆ ಕೊರೆತ ತೆಳುವಾಗಿ, ಕೈಬರಹದಂತೆ ಕಾಣುತ್ತದೆ. ಇದು ಬಚ್ಚಿಟ್ಟ ಸಂಗತಿಯಲ್ಲ, ಬಂದೂಕಿನ ಚರಿತ್ರೆಯೇ. ಆದರೆ ಬೆಲೆ ಹೆಚ್ಚಲೆಂದು ಹಳೆಯ ಅಂಕೆಯನ್ನು ಉಜ್ಜಿ ಅಳಿಸಿ, ಹೊಸ ಅಂಕೆ ಒತ್ತಿ, ಎಲ್ಲವೂ ಮೂಲವೆಂದು ಮಾರುವವರಿದ್ದಾರೆ. ಉಜ್ಜಿದ ಜಾಗದ ತಗ್ಗು, ಹೊಸ ಅಂಕೆಯ ಚೂಪು ಅಂಚು ಅಂಥವರ ಗುಟ್ಟನ್ನು ಬಯಲು ಮಾಡುತ್ತವೆ. ಇದರಿಂದ ಹಣ ಮಾತ್ರ ಹೋಗುವುದಲ್ಲ. ಬೇರೆ ಬಂದೂಕಿನ ಬೋಲ್ಟ್ ತೋಟೆಯ ಹಿಂದೆ ಮಿತಿಗಿಂತ ಹೆಚ್ಚು ಎಡೆ ಬಿಟ್ಟರೆ, ತೋಟೆ ಒಡೆದು ಹಿಡಿದವನ ಕಣ್ಣು ಹೋಗಬಹುದು. ತಜ್ಞರು ಅಳತೆಗೋಲಿನಿಂದ ಪರೀಕ್ಷಿಸದೆ ಅಂಥದ್ದನ್ನು ನಂಬುವುದಿಲ್ಲ.

ಈ ಅಪಾಯ ಮೌಸರ್ ಅವರನ್ನೂ ಬಿಡಲಿಲ್ಲ. 1901ರಲ್ಲಿ ತಾನಾಗಿ ತೋಟೆ ತುಂಬಿಕೊಳ್ಳುವ ಹೊಸ ಬಂದೂಕಿನ ಪ್ರಯೋಗದಲ್ಲಿ ಅವರು ಒಂದು ಕಣ್ಣನ್ನು ಕಳೆದುಕೊಂಡರು. ಆದರೂ ಕೆಲಸ ಬಿಡಲಿಲ್ಲ. 1898ರಿಂದ 1903ರವರೆಗೆ ಜರ್ಮನ್ ಸಂಸತ್ತಿನ ಸದಸ್ಯರಾಗಿದ್ದರು. 1912ರಲ್ಲಿ ಅರಸರಿಂದ ಕುಲೀನ ಪದವಿ ಪಡೆದರು. 1914ರ ಮೇ 29ರಂದು ಒಬರ್ನ್‌ಡೋರ್ಫ್‌ನಲ್ಲಿಯೇ ನಿಧನರಾದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಅವರ ಬಂದೂಕುಗಳು ಯುರೋಪಿನ ಕಂದಕಗಳಲ್ಲಿಯೂ ಗಲ್ಲಿಪೋಲಿಯ ದಿಬ್ಬಗಳಲ್ಲಿಯೂ ಅಸಂಖ್ಯ ತರುಣರ ಪ್ರಾಣ ತೆಗೆದವು. ಹಿಡಿದವನ ರಕ್ಷಣೆಗೆ ಅಷ್ಟು ಯೋಚಿಸಿದ ಬುದ್ಧಿ, ಎದುರಿನವನ ಸಾವಿಗೂ ದಾರಿಯಾಯಿತು. ವಿದ್ಯೆ ಯಾರ ಕೈಗೆ, ಯಾವ ಉದ್ದೇಶಕ್ಕೆ ಹೋಗುತ್ತದೆಂಬ ಪ್ರಶ್ನೆಯನ್ನು ಅವರ ಬದುಕು ನಮ್ಮ ಮುಂದೆ ಇಟ್ಟು ಹೋಗಿದೆ.

ವಿದ್ಯಾರ್ಥಿ ಮಿತ್ರರು ಇದರಿಂದ ಕಲಿಯಬೇಕಾದ ಮತ್ತೊಂದು ಪಾಠವಿದೆ. ತಾನು ಮಾಡಿದ ಕೆಲಸಕ್ಕೆ ತಾನೇ ಹೊಣೆಯೆಂದು ಗುರುತು ಒತ್ತುವುದು ಒಂದು ಅಮಾನತ್. ಅಳತೆ, ತೂಕ, ವ್ಯಾಪಾರದಲ್ಲಿ ಸತ್ಯ ಬಿಡಬಾರದೆಂದು ನಮ್ಮ ದೀನ್ ನಮಗೆ ಕಲಿಸಿದೆ. ಅಂಕಪಟ್ಟಿಯಾಗಲಿ, ಲೆಕ್ಕದ ಪುಸ್ತಕವಾಗಲಿ, ನೂರು ವರ್ಷದ ಹಳೆಯ ಸ್ಕ್ರೂ ಆಗಲಿ, ತಿದ್ದಿದ ಅಂಕೆ ಒಂದಲ್ಲ ಒಂದು ದಿನ ಬಲ್ಲವರ ಕಣ್ಣಿಗೆ ಬಿದ್ದೇ ಬೀಳುತ್ತದೆ.