ಶ್ರೀ ಅಬ್ದುಲ್ ನಜೀರ್ ಸಾಬ್: ಜೀವನ ಪರಿಚಯ

ಕರ್ನಾಟಕದಲ್ಲಿ ಅಧಿಕಾರ ವಿಕೇಂದ್ರೀಕರಣದ ರೂವಾರಿಗಳಲ್ಲಿ ಪ್ರಮುಖರೆಂದು ಸ್ಮರಿಸಲಾಗುವ ಶ್ರೀ ಅಬ್ದುಲ್ ನಜೀರ್ ಸಾಬ್‌ರವರು 1983ರಲ್ಲಿ ರಚನೆಯಾದ ರಾಜ್ಯ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿ ಸೇವೆ ಸಲ್ಲಿಸಿದರು. ಗ್ರಾಮದ ಅಂಗನವಾಡಿ, ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ ಹಾಗೂ ಕುಡಿಯುವ ನೀರು ಇವುಗಳಿಗೆ ಸಂಬಂಧಿಸಿದ ಯೋಜನೆ ಮತ್ತು ಅನುದಾನದ ತೀರ್ಮಾನಗಳು ಆ ಸೇವೆಗಳನ್ನು ಪಡೆಯುವ ಜನರಿಗೆ ಸಮೀಪದಲ್ಲಿಯೇ ಆಗಬೇಕೆಂಬುದು ಅವರ ಕಾರ್ಯದ ಮೂಲ ತತ್ವವಾಗಿತ್ತು. ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ದೇವನಹಳ್ಳಿ ತಾಲ್ಲೂಕಿನ ನಾಗರಿಕರಿಗೆ ಈ ವ್ಯವಸ್ಥೆಯು ರೂಪುಗೊಂಡ ಬಗೆಯನ್ನು ತಿಳಿಸುವ ಸಲುವಾಗಿ ಅವರ ಜೀವನ ಮತ್ತು ಕಾರ್ಯದ ಸಂಕ್ಷಿಪ್ತ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ನಜೀರ್ ಸಾಬ್‌ರವರು ಗುಂಡ್ಲುಪೇಟೆಯವರು. ಅಂದು ಮೈಸೂರು ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರ ನಂತರ ಚಾಮರಾಜನಗರ ಜಿಲ್ಲೆಗೆ ಸೇರಿತು. ಮಳೆಯನ್ನೇ ನಂಬಿದ ಬೇಸಾಯ, ಕಾಡಿನಂಚಿನ ಹಳ್ಳಿಗಳು ಹಾಗೂ ಬೇಸಿಗೆಯಲ್ಲಿ ಬತ್ತುವ ಬಾವಿಗಳು ಆ ಸೀಮೆಯ ಸಾಮಾನ್ಯ ಚಿತ್ರಣವಾಗಿದ್ದವು. ಸಾಮಾನ್ಯ ಕುಟುಂಬದಿಂದ ಬಂದ ಅವರಿಗೆ ಹಳ್ಳಿಯ ಬಡತನವು ವರದಿಗಳಿಂದ ತಿಳಿದ ವಿಷಯವಾಗಿರಲಿಲ್ಲ. ಸಾರ್ವಜನಿಕ ಜೀವನವನ್ನು ಪ್ರವೇಶಿಸಿ, ಮುಂದೆ ಜನತಾ ಪಕ್ಷದ ನಾಯಕರಲ್ಲಿ ಒಬ್ಬರಾದರು. 1983ರ ಜನವರಿಯಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಪ್ರಥಮ ಕಾಂಗ್ರೆಸ್ಸೇತರ ಸರ್ಕಾರವು ಅಧಿಕಾರಕ್ಕೆ ಬಂದಾಗ ಗ್ರಾಮೀಣಾಭಿವೃದ್ಧಿಯ ಹೊಣೆಯನ್ನು ಅವರಿಗೆ ವಹಿಸಲಾಯಿತು.

ಕುಡಿಯುವ ನೀರಿನ ಕಾರ್ಯ

1980ರ ದಶಕದ ಮಧ್ಯಭಾಗದಲ್ಲಿ ರಾಜ್ಯವು ತೀವ್ರ ಬರಗಾಲವನ್ನು ಎದುರಿಸಿತು. ಈ ಅವಧಿಯಲ್ಲಿ ನಜೀರ್ ಸಾಬ್‌ರವರು ಹಳ್ಳಿಗಳಲ್ಲಿ ಕೊಳವೆ ಬಾವಿಗಳನ್ನು ಕೊರೆಸಿ ಕೈಪಂಪುಗಳನ್ನು ಅಳವಡಿಸುವ ಕಾರ್ಯವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡರು. ಇದರಿಂದಾಗಿ ಜನರು ಅವರನ್ನು ನೀರ್ ಸಾಬ್ ಎಂದೇ ಕರೆಯತೊಡಗಿದರು.

ಈ ಕಾರ್ಯವು ನೀರಿನ ಪೂರೈಕೆಗೆ ಮಾತ್ರ ಸೀಮಿತವಾದುದಲ್ಲ. ಹಳ್ಳಿಗಳಲ್ಲಿ ನೀರು ತರುವ ಹೊಣೆ ಮಹಿಳೆಯರು ಹಾಗೂ ಹೆಣ್ಣುಮಕ್ಕಳ ಮೇಲಿತ್ತು. ದೂರದ ಬಾವಿಗೆ ನಡೆಯುವ ವೇಳೆಯು ಬಾಲಕಿಯ ಶಾಲೆಯ ವೇಳೆಯಿಂದ ಕಳೆಯುತ್ತಿತ್ತು. ಕಲುಷಿತ ನೀರಿನಿಂದ ಬರುವ ವಾಂತಿಭೇದಿಗೆ ಮೊದಲು ತುತ್ತಾಗುತ್ತಿದ್ದವರು ಎಳೆಯ ಮಕ್ಕಳು. ಊರಿನೊಳಗೆ ಬಂದ ಕೈಪಂಪು ಕುಟುಂಬದ ಆರೋಗ್ಯ ಮತ್ತು ಮಕ್ಕಳ ವಿದ್ಯಾಭ್ಯಾಸ ಎರಡಕ್ಕೂ ನೆರವಾಯಿತು. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆ ಮತ್ತು ಬಾವಿಗಳನ್ನೇ ಅವಲಂಬಿಸಿದ್ದ ದೇವನಹಳ್ಳಿಯಂತಹ ತಾಲ್ಲೂಕುಗಳಲ್ಲಿ ಇದರ ಮಹತ್ವ ಹೆಚ್ಚಿನದಾಗಿತ್ತು. ಮುಂದಿನ ದಶಕಗಳಲ್ಲಿ ನೀರಾವರಿಗಾಗಿ ಕೊಳವೆ ಬಾವಿಗಳ ಸಂಖ್ಯೆ ಮಿತಿಮೀರಿ, ದೇವನಹಳ್ಳಿಯು ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳ ಸಾಲಿಗೆ ಸೇರಿದುದು ಸಹ ಸ್ಮರಣೀಯ. ಒಮ್ಮೆ ಒದಗಿಸಿದ ಸೌಲಭ್ಯವನ್ನು ಉಳಿಸಿಕೊಳ್ಳಲು ಸ್ಥಳೀಯ ಯೋಜನೆ ಮತ್ತು ಮೇಲ್ವಿಚಾರಣೆ ನಿರಂತರವಾಗಿ ಅಗತ್ಯವೆಂಬುದಕ್ಕೆ ಇದು ನಿದರ್ಶನವಾಗಿದೆ.

1983ರ ಅಧಿನಿಯಮ

ಸಚಿವರು ತಾವೇ ಮುಂದೆ ನಿಂತು ಕೊಳವೆ ಬಾವಿ ಕೊರೆಸಬಹುದು. ಆದರೆ ಪ್ರತಿ ಹಳ್ಳಿಯ ಅಗತ್ಯವನ್ನು ರಾಜಧಾನಿಯಿಂದ ತೀರ್ಮಾನಿಸಲಾಗದು ಎಂಬುದನ್ನು ನಜೀರ್ ಸಾಬ್‌ರವರು ಮನಗಂಡಿದ್ದರು. ಅಲ್ಲಿಯವರೆಗೆ ಜಾರಿಯಲ್ಲಿದ್ದ 1959ರ ಅಧಿನಿಯಮದಂತೆ ಗ್ರಾಮ ಪಂಚಾಯಿತಿಗಳು ಹಾಗೂ ತಾಲ್ಲೂಕು ಅಭಿವೃದ್ಧಿ ಮಂಡಳಿಗಳಿದ್ದವು. ಜಿಲ್ಲಾ ಅಭಿವೃದ್ಧಿ ಪರಿಷತ್ತು ಕೇವಲ ಸಲಹಾ ಸಂಸ್ಥೆಯಾಗಿತ್ತು. ಶಾಲೆ, ಆಸ್ಪತ್ರೆ ಮತ್ತು ಮಕ್ಕಳ ಪೌಷ್ಟಿಕ ಆಹಾರದ ಕಾರ್ಯಕ್ರಮಗಳು ಆಯಾ ಇಲಾಖೆಗಳ ಅಧೀನದಲ್ಲಿದ್ದವು.

ಶ್ರೀ ಅಶೋಕ್ ಮೆಹ್ತಾರವರ ಅಧ್ಯಕ್ಷತೆಯ ಸಮಿತಿಯು 1978ರಲ್ಲಿ ಸಲ್ಲಿಸಿದ ವರದಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ರಚನೆಗೆ ಶಿಫಾರಸು ಮಾಡಿತ್ತು. ಈ ಚಿಂತನೆಯನ್ನು ಕಾಯ್ದೆಯ ರೂಪಕ್ಕೆ ತರುವ ಹೊಣೆಯನ್ನು ನಜೀರ್ ಸಾಬ್‌ರವರು ನಿರ್ವಹಿಸಿದರು. 1983ರಲ್ಲಿ ಮಂಡಿಸಲಾದ ವಿಧೇಯಕಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ. ಕರ್ನಾಟಕ ಜಿಲ್ಲಾ ಪರಿಷತ್ತುಗಳು, ತಾಲ್ಲೂಕು ಪಂಚಾಯಿತಿ ಸಮಿತಿಗಳು, ಮಂಡಲ ಪಂಚಾಯಿತಿಗಳು ಮತ್ತು ನ್ಯಾಯ ಪಂಚಾಯಿತಿಗಳ ಅಧಿನಿಯಮ, 1983 ಎಂಬುದು ಇದರ ಹೆಸರು.

ಸದರಿ ಅಧಿನಿಯಮದ ಮುಖ್ಯ ಅಂಶಗಳು ಹೀಗಿದ್ದವು:

1. ಹಲವು ಗ್ರಾಮಗಳನ್ನು ಒಳಗೊಂಡು ಸುಮಾರು 8,000ದಿಂದ 12,000 ಜನಸಂಖ್ಯೆಗೆ ಒಂದು ಮಂಡಲ ಪಂಚಾಯಿತಿ. ಇದರ ಮುಖ್ಯಸ್ಥರಿಗೆ ಪ್ರಧಾನ ಎಂಬ ಪದನಾಮ.
2. ಜಿಲ್ಲಾ ಮಟ್ಟದಲ್ಲಿ ಜನರಿಂದ ನೇರವಾಗಿ ಚುನಾಯಿತವಾದ ಜಿಲ್ಲಾ ಪರಿಷತ್ತು. ಇದರ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ.
3. ಜಿಲ್ಲಾಧಿಕಾರಿಗಳಿಗಿಂತ ಹಿರಿಯರಾದ ಅಧಿಕಾರಿಯೊಬ್ಬರು ಪರಿಷತ್ತಿನ ಮುಖ್ಯ ಕಾರ್ಯದರ್ಶಿ.
4. ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳ ಮೀಸಲಾತಿ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೆ ಪ್ರತ್ಯೇಕ ಮೀಸಲಾತಿ.
5. ಗ್ರಾಮದ ಎಲ್ಲ ಮತದಾರರನ್ನು ಒಳಗೊಂಡ ಗ್ರಾಮ ಸಭೆಯನ್ನು ವರ್ಷಕ್ಕೆ ಎರಡು ಬಾರಿ ಸೇರಿಸುವುದು.

ಮಹಿಳಾ ಮೀಸಲಾತಿಯು ಸಂವಿಧಾನದ ಕಡ್ಡಾಯ ನಿಯಮವಾಗುವುದಕ್ಕೆ ಹಲವು ವರ್ಷ ಮೊದಲೇ ಈ ಅವಕಾಶವನ್ನು ಕಲ್ಪಿಸಲಾಗಿತ್ತು ಎಂಬುದು ಗಮನಾರ್ಹ.

ಹೊಸ ಜಿಲ್ಲೆ ಮತ್ತು ದೇವನಹಳ್ಳಿ

ಬೆಂಗಳೂರು ಜಿಲ್ಲೆಯನ್ನು ವಿಭಜಿಸಿ 1986ರ ಆಗಸ್ಟ್ 15ರಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ರಚಿಸಲಾಯಿತು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಮಾಗಡಿ, ರಾಮನಗರ, ಚನ್ನಪಟ್ಟಣ ಮತ್ತು ಕನಕಪುರ ಎಂಬ ಎಂಟು ತಾಲ್ಲೂಕುಗಳು ಇದರಲ್ಲಿದ್ದವು. ಕೊನೆಯ ನಾಲ್ಕನ್ನೂ ಒಳಗೊಂಡು 2007ರಲ್ಲಿ ರಾಮನಗರ ಜಿಲ್ಲೆ ಪ್ರತ್ಯೇಕವಾಯಿತು.

ಹೊಸ ಜಿಲ್ಲೆ ಅಸ್ತಿತ್ವಕ್ಕೆ ಬಂದ ಕೆಲವೇ ತಿಂಗಳುಗಳಲ್ಲಿ, ಅಂದರೆ 1987ರ ಜನವರಿಯಲ್ಲಿ, ರಾಜ್ಯದಾದ್ಯಂತ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಆಯ್ಕೆಯಾದರು. ಹೀಗೆ ಕುಂದಾಣ, ಚನ್ನರಾಯಪಟ್ಟಣ, ವಿಜಯಪುರ ಮತ್ತು ಕಸಬಾ ಹೋಬಳಿಗಳ ಗ್ರಾಮಸ್ಥರಿಗೆ ಹೊಸ ಜಿಲ್ಲೆ ಮತ್ತು ಹೊಸ ಆಡಳಿತ ವ್ಯವಸ್ಥೆ ಎರಡೂ ಬಹುತೇಕ ಒಂದೇ ಕಾಲಕ್ಕೆ ಒದಗಿದವು. ಜಿಲ್ಲಾ ಮಟ್ಟದ ಕಚೇರಿಗಳು ಮಾತ್ರ ಬಹುಕಾಲ ಬೆಂಗಳೂರು ನಗರದಲ್ಲಿಯೇ ಇದ್ದು, ನಂತರ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ ನಿರ್ಮಿಸಲಾದ ಜಿಲ್ಲಾಡಳಿತ ಭವನಕ್ಕೆ ಸ್ಥಳಾಂತರಗೊಂಡವು.

ಮಕ್ಕಳ ಸೇವೆಗಳು ಮತ್ತು ಅನುದಾನ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಲಾಗಿತ್ತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದುದು ನಜೀರ್ ಸಾಬ್‌ರವರ ತವರು ಜಿಲ್ಲೆಯಾದ ಮೈಸೂರಿನ ತಿರುಮಕೂಡಲು ನರಸೀಪುರ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಜ್ಞ ಚಿಕಿತ್ಸೆಗೆ ಶಿಫಾರಸು, ಶಾಲಾಪೂರ್ವ ಶಿಕ್ಷಣ ಹಾಗೂ ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ ಎಂಬ ಆರು ಸೇವೆಗಳನ್ನು ಅಂಗನವಾಡಿಯ ಮೂಲಕ ನೀಡುವುದು ಇದರ ಉದ್ದೇಶ.

1987ರ ಏಪ್ರಿಲ್‌ನಿಂದ ಪ್ರಾಥಮಿಕ ಶಿಕ್ಷಣ, ಪ್ರಾಥಮಿಕ ಆರೋಗ್ಯ ಹಾಗೂ ಮಹಿಳಾ ಮತ್ತು ಮಕ್ಕಳ ಕಲ್ಯಾಣದ ಕಾರ್ಯಕ್ರಮಗಳು ಜಿಲ್ಲಾ ಪರಿಷತ್ತಿನ ಮೇಲ್ವಿಚಾರಣೆಗೆ ಬಂದವು. ರಾಜ್ಯದ ಯೋಜನಾ ವೆಚ್ಚವನ್ನು ರಾಜ್ಯ ವಲಯ ಮತ್ತು ಜಿಲ್ಲಾ ವಲಯ ಎಂದು ವಿಂಗಡಿಸಿ, ಜಿಲ್ಲಾ ವಲಯದ ಮೊತ್ತವನ್ನು ಪರಿಷತ್ತುಗಳಿಗೆ ಹಂಚಿಕೆ ಮಾಡಲಾಯಿತು. ಯಾವ ಜಿಲ್ಲೆಗೆ, ಯಾವ ಕಾರ್ಯಕ್ರಮಕ್ಕೆ ಎಷ್ಟು ಹಣ ಎಂಬುದನ್ನು ಆಯವ್ಯಯದ ಜೊತೆಯಲ್ಲಿ ಲಿಂಕ್ ಪುಸ್ತಕವೆಂಬ ಪ್ರತ್ಯೇಕ ದಾಖಲೆಯಲ್ಲಿ ತೋರಿಸುವ ಪದ್ಧತಿ ಜಾರಿಗೆ ಬಂದಿತು. ಜಿಲ್ಲೆಯ ಪಾಲು ಎಷ್ಟೆಂಬುದು ಜನಪ್ರತಿನಿಧಿಗಳಿಗೆ ವರ್ಷದ ಆರಂಭದಲ್ಲಿಯೇ ತಿಳಿಯುವಂತಾದುದು ಇದರ ಪ್ರಯೋಜನ. ಪಾಲು ತಿಳಿದಿದ್ದಲ್ಲಿ ಮಾತ್ರ ಅದನ್ನು ಕೇಳಲು ಸಾಧ್ಯ.

ಫಲಿತಾಂಶ ಮತ್ತು ಕೊರತೆಗಳು

ಹೊಸ ವ್ಯವಸ್ಥೆಯ ಪರಿಶೀಲನೆಗೆಂದು ಶ್ರೀ ಕೆ.ಎಸ್. ಕೃಷ್ಣಸ್ವಾಮಿಯವರ ಅಧ್ಯಕ್ಷತೆಯಲ್ಲಿ ನೇಮಿಸಲಾದ ಸಮಿತಿಯು 1989ರಲ್ಲಿ ವರದಿ ಸಲ್ಲಿಸಿತು. ಈ ಅವಧಿಯ ಅಧ್ಯಯನಗಳಲ್ಲಿ ಮುಖ್ಯವಾಗಿ ಕಂಡುಬಂದ ಅಂಶವೆಂದರೆ, ಶಾಲಾ ಶಿಕ್ಷಕರು ಹಾಗೂ ಆರೋಗ್ಯ ಕೇಂದ್ರಗಳ ಸಿಬ್ಬಂದಿಯ ಹಾಜರಾತಿ ಸುಧಾರಿಸಿದ್ದು. ಗೈರುಹಾಜರಿಯನ್ನು ಪ್ರಶ್ನಿಸಬಲ್ಲ ಪ್ರತಿನಿಧಿ ಅದೇ ಊರಿನಲ್ಲಿ ವಾಸವಿದ್ದುದೇ ಇದಕ್ಕೆ ಕಾರಣ. ಹೆಚ್ಚಿನ ಹಣವಿಲ್ಲದೆ, ಹೊಸ ಕಟ್ಟಡವಿಲ್ಲದೆ, ಕೇವಲ ಉತ್ತರದಾಯಿತ್ವದಿಂದ ದೊರೆತ ಸುಧಾರಣೆ ಇದಾಗಿತ್ತು.

ಕೊರತೆಗಳೂ ಇದ್ದವು. ಪರಿಷತ್ತಿಗೆ ಬಂದ ಹಣದ ಬಹುಪಾಲು ಶಿಕ್ಷಕರು ಮತ್ತು ಇತರ ಸಿಬ್ಬಂದಿಯ ವೇತನಕ್ಕೆ ಹಾಗೂ ಮೊದಲೇ ನಿಗದಿಯಾದ ಯೋಜನೆಗಳಿಗೆ ವಿನಿಯೋಗವಾಗುತ್ತಿತ್ತು. ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಖರ್ಚು ಮಾಡಲು ಉಳಿಯುತ್ತಿದ್ದ ಹಣ ಅಲ್ಪ. ಅನೇಕ ಕಡೆಗಳಲ್ಲಿ ಮಹಿಳಾ ಸದಸ್ಯರ ಪರವಾಗಿ ಅವರ ಮನೆಯ ಪುರುಷರೇ ಮಾತನಾಡುತ್ತಿದ್ದರು. ಗ್ರಾಮ ಸಭೆಯಲ್ಲಿ ಜನರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವುದು ಕಷ್ಟವೆನಿಸಿದಾಗ, ಸಭೆಯನ್ನು ಕರೆಯುವುದೇ ಕಡಿಮೆಯಾಯಿತು. ನ್ಯಾಯ ಪಂಚಾಯಿತಿಗಳು ರಚನೆಯಾಗಲೇ ಇಲ್ಲ.

ನಿಧನ ಮತ್ತು ನಂತರದ ಬೆಳವಣಿಗೆ

ಕ್ಯಾನ್ಸರ್‌ನಿಂದ ಬಳಲುತ್ತಿದ್ದ ನಜೀರ್ ಸಾಬ್‌ರವರು 1988ರ ಅಕ್ಟೋಬರ್‌ನಲ್ಲಿ ನಿಧನ ಹೊಂದಿದರು. ಆಗ ಜಿಲ್ಲಾ ಪರಿಷತ್ತುಗಳಿಗೆ ಎರಡು ವರ್ಷವೂ ತುಂಬಿರಲಿಲ್ಲ. ತಾವು ರೂಪಿಸಿದ ಸಂಸ್ಥೆಗಳ ಮೊದಲ ಅವಧಿ ಪೂರ್ಣಗೊಂಡುದನ್ನು ಅವರು ನೋಡಲಿಲ್ಲ.

1992ರಲ್ಲಿ ಆ ಅವಧಿ ಮುಗಿದಾಗ ಕೂಡಲೇ ಚುನಾವಣೆ ನಡೆಯದೆ, ಸಂಸ್ಥೆಗಳನ್ನು ಆಡಳಿತಾಧಿಕಾರಿಗಳಿಗೆ ವಹಿಸಲಾಯಿತು. ರಾಜ್ಯದ ಕಾಯ್ದೆಯೊಂದೇ ಈ ಸಂಸ್ಥೆಗಳನ್ನು ಕಾಪಾಡಲಾರದು ಎಂಬುದು ಇದರಿಂದ ಸ್ಪಷ್ಟವಾಯಿತು. ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಐದು ವರ್ಷಗಳಿಗೊಮ್ಮೆ ಚುನಾವಣೆ, ಮಹಿಳೆಯರಿಗೆ ಮೂರನೇ ಒಂದು ಭಾಗದ ಮೀಸಲಾತಿ ಹಾಗೂ ರಾಜ್ಯ ಹಣಕಾಸು ಆಯೋಗವನ್ನು ಕಡ್ಡಾಯಗೊಳಿಸಿತು. ಈ ತಿದ್ದುಪಡಿಗೆ ದಾರಿ ತೋರಿದ ಪ್ರಯೋಗಗಳಲ್ಲಿ ಕರ್ನಾಟಕದ್ದೂ ಒಂದು. ಅದರಂತೆ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ, 1993 ಜಾರಿಗೆ ಬಂದು, ಮಂಡಲ ಪಂಚಾಯಿತಿಗಳ ಸ್ಥಾನದಲ್ಲಿ ಗ್ರಾಮ ಪಂಚಾಯಿತಿಗಳು ರಚನೆಯಾದವು. 2010ರಲ್ಲಿ ರಾಜ್ಯವು ಮಹಿಳಾ ಮೀಸಲಾತಿಯನ್ನು ಶೇ. 50ಕ್ಕೆ ಹೆಚ್ಚಿಸಿತು. ಆದರೂ 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದಾಗ ಸಕಾಲದಲ್ಲಿ ಚುನಾವಣೆ ನಡೆಯದೆ ಪುನಃ ಆಡಳಿತಾಧಿಕಾರಿಗಳನ್ನು ನೇಮಿಸಲಾಯಿತು.

ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬ್‌ರವರ ಹೆಸರನ್ನು ಇಡಲಾಗಿದೆ. ಪಂಚಾಯಿತಿ ಸದಸ್ಯರು ಮತ್ತು ಸಿಬ್ಬಂದಿಗೆ ಅಲ್ಲಿ ತರಬೇತಿ ನೀಡಲಾಗುತ್ತದೆ.

ನಾಗರಿಕರ ಗಮನಕ್ಕೆ

ಅಂಗನವಾಡಿಗೆ ಮಗುವನ್ನು ಸೇರಿಸುವುದು, ಗರ್ಭಿಣಿ ಮತ್ತು ಬಾಣಂತಿಯರು ಪೌಷ್ಟಿಕ ಆಹಾರ ಪಡೆಯುವುದು ಮೊದಲಾದ ಸೇವೆಗಳಿಗೆ ಗ್ರಾಮದ ಅಂಗನವಾಡಿ ಕಾರ್ಯಕರ್ತೆಯರನ್ನು, ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು ಸಂಪರ್ಕಿಸಬಹುದು. ಅರ್ಜಿಯು ಒಂದು ಕುಟುಂಬದ ಅಗತ್ಯವನ್ನು ತಿಳಿಸುತ್ತದೆ. ಅಂಗನವಾಡಿಗೆ ಕಟ್ಟಡ, ಶೌಚಾಲಯ, ಕುಡಿಯುವ ನೀರು ಅಥವಾ ಶಾಲೆಗೆ ಕಾಂಪೌಂಡ್ ಬೇಕೆಂಬುದು ಇಡೀ ಗ್ರಾಮದ ಅಗತ್ಯ. ಅದನ್ನು ಮಂಡಿಸಬೇಕಾದ ಸ್ಥಳ ಗ್ರಾಮ ಸಭೆ. ಅಲ್ಲಿ ದಾಖಲಾದ ಬೇಡಿಕೆಯು ಗ್ರಾಮ ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಯಲ್ಲಿ ಸೇರಲು ಅವಕಾಶವಿರುತ್ತದೆ. ಮಕ್ಕಳ ಸಮಸ್ಯೆಗಳನ್ನು ಮಕ್ಕಳಿಂದಲೇ ಕೇಳಲು ಮಕ್ಕಳ ಗ್ರಾಮ ಸಭೆಗಳನ್ನೂ ನಡೆಸಲಾಗುತ್ತದೆ. ಪಟ್ಟಣ ಪ್ರದೇಶದ ನಿವಾಸಿಗಳು ತಮ್ಮ ವಾರ್ಡಿನ ಬೇಡಿಕೆಗಳನ್ನು ನಗರ ಸ್ಥಳೀಯ ಸಂಸ್ಥೆಗೆ ಸಲ್ಲಿಸಬಹುದು.

ಹಣ ಎಷ್ಟು ಬಂದಿದೆ, ಯಾವುದಕ್ಕೆ ಖರ್ಚಾಗಿದೆ ಎಂದು ಕೇಳುವ ಹಕ್ಕನ್ನು ಗ್ರಾಮದ ತಾಯಂದಿರಿಗೂ ಸಭೆಯಲ್ಲಿ ನೀಡಿದ ವ್ಯವಸ್ಥೆಯನ್ನು ರೂಪಿಸುವಲ್ಲಿ ನಜೀರ್ ಸಾಬ್‌ರವರ ಪಾತ್ರ ಹಿರಿದು. ಸಭೆಗೆ ಹಾಜರಾಗಿ ಆ ಹಕ್ಕನ್ನು ಚಲಾಯಿಸುವ ಕಾರ್ಯವು ನಾಗರಿಕರಿಗೆ ಸೇರಿದುದಾಗಿದೆ.